ತಾಳಿ ಮಾಡುತ್ತಿದ್ದ ಕೈ

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಕಾರ್ ಡೀಟೇಲಿಂಗ್ ಅಂಗಡಿ ಇದೆ. ಬೋರ್ಡಿನಲ್ಲಿ ಹಾಗೆಂದು ಬರೆಸಿದ್ದೇನೆ, ಊರಿನವರು ಮಾತ್ರ ಇವತ್ತಿಗೂ ‘ವಾಟರ್ ಸರ್ವೀಸು’ ಅಂತಲೇ ಕರೆಯುವುದು. ಬರೀ ನೀರು ಹೊಡೆದು ಕಳಿಸುವ ಕೆಲಸವಲ್ಲ ಇದು, ಸೀಟಿನ ಸಂದಿಯಿಂದ ಹಿಡಿದು ಡಿಕ್ಕಿಯ ಮೂಲೆಯವರೆಗೆ ಕೈಯಲ್ಲಿ ಒರೆಸಿ, ಬಣ್ಣದ ಮೇಲಿನ ಗೀರು ತೆಗೆದು, ಪಾಲಿಶ್ ಹಾಕಿ, ಹಳೆಯ ಗಾಡಿಯನ್ನು ಹೊಸದರಂತೆ ಮಾಡಿ ಕೊಡುವುದು ಎಂದು ಮೊದಮೊದಲು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಕೊನೆಗೆ ನನ್ನ ಬಾಯಿಯೇ ನೋಯಿತು. ಏನಾದರೂ ಕರೆದುಕೊಳ್ಳಲಿ, ಗಾಡಿ ತಂದರೆ ಸಾಕು ಎಂದು ಸುಮ್ಮನಾದೆ.

ನಾನು ಪಾಂಡವಪುರದ ಪಕ್ಕದ ಹಳ್ಳಿಯವನು. ಗದ್ದೆ, ಕಬ್ಬು, ಹಸು ಇರುವ ಮನೆ. ಅದನ್ನೆಲ್ಲ ನೋಡಿಕೊಳ್ಳಲು ಅಣ್ಣ ಇದ್ದ. ನನಗೂ ಕೆಸರಿಗೂ ಚಿಕ್ಕಂದಿನಿಂದ ಆಗಿಬರುತ್ತಿರಲಿಲ್ಲ. ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸಿದೆ, ಅಲ್ಲೇ ಒಂದು ದೊಡ್ಡ ಶೆಡ್ಡಿನಲ್ಲಿ ಈ ಕೆಲಸ ಕಲಿತೆ, ತಲೆಗೂದಲು ನರೆಯುವ ಹೊತ್ತಿಗೆ ಸ್ವಂತ ಅಂಗಡಿ ಹಾಕಿದೆ. ಕೆಸರು ಬೇಡ ಎಂದವನಿಗೆ ಬೇರೆಯವರ ಗಾಡಿಯ ಕೆಸರು ತೊಳೆಯುವ ಯೋಗ ಬಂತು ನೋಡಿ. ಒಬ್ಬನೇ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡ ಮೇಲೆ ಕೆಲಸಕ್ಕೆ ಜನ ಹುಡುಕಿದೆ. ಬಂದವರು ಯಾರೂ ನಿಲ್ಲಲಿಲ್ಲ. ಆಗ ನೆನಪಾದವನು ನನ್ನ ಗೆಳೆಯ.

ಅವನದು ಪಾಂಡವಪುರದ ಅಕ್ಕಸಾಲಿ ಮನೆತನ. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ‘ಅಕ್ಕಸಾಲಿಗ ಅಕ್ಕನ ಚಿನ್ನಾನೂ ಬುಡಕ್ಕಿಲ್ಲ’ ಎಂದು ನಾನು ರೇಗಿಸಿದರೆ, ‘ನಿಮ್ಮಕ್ಕನ ಚಿನ್ನ ತಕ್ಕೊಂಬಾ, ನೋಡೇಬುಡಾನ’ ಎನ್ನುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವನ ಪಾಲಿಗೆ ಬಂತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಆದರೆ ಅಷ್ಟು ಹೊತ್ತಿಗೆ ಒಡವೆಯ ಕೆಲಸವೆಲ್ಲ ಮೈಸೂರು, ಮಂಡ್ಯದ ಶೋರೂಮುಗಳ ಪಾಲಾಗಿತ್ತು. ಓಲೆಯ ತಿರುಪು ಸರಿಮಾಡುವುದು, ಕಾಲುಂಗುರ ಸಡಿಲ ಮಾಡುವುದು, ತುಂಡಾದ ಸರಕ್ಕೆ ಬೆಸುಗೆ ಹಾಕುವುದು, ಇಷ್ಟು ಉಳಿದಿತ್ತು.

ಇಷ್ಟು, ಮತ್ತು ತಾಳಿ. ನಮ್ಮ ಕಡೆ ಬಳೆ, ಸರ ಎಲ್ಲಿ ಬೇಕಾದರೂ ಕೊಂಡಾರು, ತಾಳಿಯನ್ನು ಮಾತ್ರ ಮನೆತನದ ಅಕ್ಕಸಾಲಿಯ ಕೈಯಲ್ಲೇ ಮಾಡಿಸುವವರು ಇನ್ನೂ ಇದ್ದಾರೆ. ಒಳ್ಳೆಯ ದಿನ ನೋಡಿ ಗಂಡಿನ ಮನೆಯವರು ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆಯ ಜೊತೆ ಚಿನ್ನ ಇಟ್ಟುಕೊಂಡು ಬರುತ್ತಾರೆ. ಅಕ್ಕಸಾಲಿ ಅವತ್ತು ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ, ಕೆಂಡದ ಅಗ್ಗಿಷ್ಟಿಕೆಗೆ ಪೂಜೆ ಮಾಡಿ, ಅವರ ಕಣ್ಣೆದುರಿಗೇ ಚಿನ್ನ ಕರಗಿಸುತ್ತಾನೆ. ತಾಳಿ ಆಗುವವರೆಗೆ ಜಾಗ ಬಿಟ್ಟು ಏಳುವುದಿಲ್ಲ. ಅವನ ತಾತ ಮಾಡಿದ ತಾಳಿ ಕಟ್ಟಿಸಿಕೊಂಡ ಮುದುಕಿ ತನ್ನ ಮೊಮ್ಮಗನ ಮದುವೆಗೆ ಇವನ ಹತ್ತಿರ ಬರುತ್ತಿದ್ದಳು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದಲೂ ಬರುತ್ತಿದ್ದರು. ನಮ್ಮತ್ತಿಗೆಯ ಕತ್ತಿನಲ್ಲಿರುವುದು ಅವನ ಅಪ್ಪ ಮಾಡಿದ್ದು, ನನ್ನ ಹೆಂಡತಿಯದು ಅವನು ಅಪ್ಪನ ಪಕ್ಕದಲ್ಲಿ ಕುಳಿತು ತಾನೇ ಮಾಡಿದ ಮೊದಲನೆಯದು. ಆದರೆ ಲಗ್ನದ ತಿಂಗಳುಗಳು ಕಳೆದ ಮೇಲೂ ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಜೊತೆ ಟೀ ಕುಡಿಯುತ್ತ ಮಾತು ತೆಗೆಯಲಾರದೆ ಲೋಟ ತಿರುಗಿಸುತ್ತ ಕುಳಿತಿದ್ದೆ. ಅವನೇ ಶುರುಮಾಡಿದ.

‘ಏನ್ಲಾ, ಎಣ್ಣು ಕೇಳಕ್ಕೆ ಬಂದೋನಂಗೆ ಕುಂತಿದ್ದೀಯೆ? ಅದೇನು ಏಳ್ಲಾ.’

ಹೇಳಿದೆ. ಅವನು ಲೋಟ ಕೆಳಗಿಟ್ಟ. ‘ನಿನ್ ಕೆಳ್ಗೆ ಕೆಲ್ಸ ಮಾಡ್ಬೇಕಾ?’

‘ಕೆಳ್ಗಲ್ಲ ಕಣ್ಲಾ, ಜೊತೇಲಿ.’

‘ಸಂಬ್ಳ ಕೊಡೋನು ಮ್ಯಾಲೆ, ಈಸ್ಕಳೋನು ಕೆಳ್ಗೆ. ನಂಗೂ ಅಷ್ಟು ಗೊತ್ತು’ ಎಂದು ನಕ್ಕ. ‘ಇರ್ಲಿ ಬುಡು. ಬತ್ತೀನಿ. ತಾಳಿ ಕೆಲ್ಸ ಬಂದ ದಿನ ಮಾತ್ರ ರಜ ಕೊಡ್ಬೇಕು. ಅದೊಂದು ಬುಡಕ್ಕಿಲ್ಲ ನಾನು.’

ಅದೊಂದೇ ಅವನು ಹಾಕಿದ ಷರತ್ತು. ನಾನು ಅಲ್ಲೇ ಒಪ್ಪಿಕೊಂಡೆ.

ಮೊದಲ ದಿನ ನನ್ನನ್ನು ‘ಓನರ್ರು’ ಎಂದು ಕರೆದು ಗಿರಾಕಿಗಳ ಮುಂದೆ ಮಾನ ಕಳೆದ. ‘ಓನರ್ರ್ನ ಕೇಳಿ ಸಾರ್, ನಂಗೇನೂ ಗೊತ್ತಿಲ್ಲ’ ಎಂದು ಕೈ ಕಟ್ಟಿ ನಿಂತ ಭಂಗಿಗೆ ಒದೆಯಬೇಕು ಅನ್ನಿಸಿತ್ತು. ಕೆಲಸದಲ್ಲಿ ಅವನೇನೂ ಮಹಾ ಚುರುಕಲ್ಲ. ಬಾನೆಟ್ಟಿನ ಮೇಲೆ ಮೂಗು ತಾಗುವ ಹಾಗೆ ಬಗ್ಗಿ, ಅಂಗೈಯಗಲ ಜಾಗವನ್ನೇ ತಿಕ್ಕುತ್ತ ನಿಂತುಬಿಡುತ್ತಿದ್ದ. ಅತ್ತ ಗಿರಾಕಿ ಗಡಿಯಾರ ನೋಡುತ್ತಿದ್ದ. ‘ಇದು ಮೂಗುಬೊಟ್ಟಲ್ಲ ಕಣ್ಲಾ, ಕಾರು’ ಎಂದರೆ, ‘ಮೂಗುಬೊಟ್ಟೇ ಅನ್ಕೊ, ವಸಿ ದೊಡ್ದು’ ಎನ್ನುತ್ತಿದ್ದ. ಮಧ್ಯಾಹ್ನ ಅವನ ಮನೆಯ ಬುತ್ತಿ, ನನ್ನ ಮನೆಯ ಬುತ್ತಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದೆವು. ಮತ್ತೆ ಅದೇ ಬೆಂಚಿನಲ್ಲಿ ಕುಳಿತ ಹಾಗೆ ಇತ್ತು. ನಿಜ ಹೇಳುತ್ತೇನೆ, ಅಷ್ಟು ಸಂತೋಷವಾಗಿ ನಾನು ಯಾವತ್ತೂ ದುಡಿದಿರಲಿಲ್ಲ.

ಶ್ರೀರಂಗಪಟ್ಟಣಕ್ಕೆ ಬರುವ ಕಾರುಗಳೆಲ್ಲ ಕೋಟೆ, ದೇವಸ್ಥಾನ ನೋಡಲು ಬರುವುದಿಲ್ಲ. ಸತ್ತವರ ಬೂದಿಯನ್ನು ಕಾವೇರಿಯಲ್ಲಿ ಬಿಡಲು ಬರುವವರೂ ದಿನಾ ಇರುತ್ತಾರೆ. ಮಡಕೆಗೆ ಬಟ್ಟೆ ಕಟ್ಟಿ ಮಡಿಲಲ್ಲಿಟ್ಟುಕೊಂಡು ಬರುತ್ತಾರೆ. ಪಶ್ಚಿಮವಾಹಿನಿಯಲ್ಲಿ ಕಾರ್ಯ ಮುಗಿಸಿ, ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲಿ ಹಿಂದಿರುಗುವಾಗ ಕೆಲವರಿಗೆ ಗಾಡಿಯನ್ನೂ ತೊಳೆಸಿಕೊಂಡೇ ಮನೆಗೆ ಹೋಗೋಣ ಅನ್ನಿಸುತ್ತದೆ. ತಾವು ಸ್ನಾನ ಮಾಡಿದ ಹಾಗೆ ಗಾಡಿಗೂ ಒಂದು ಸ್ನಾನ. ಅಂಥವರು ನಮ್ಮಲ್ಲಿಗೂ ಬರುತ್ತಿದ್ದರು. ನಾನು ಒಳಗೆ ವ್ಯಾಕ್ಯೂಮ್ ಹಾಕಿ, ಹೊರಗೆ ನೀರು ಹೊಡೆದು ಕಳಿಸುತ್ತಿದ್ದೆ.

ಗೆಳೆಯ ಬಂದು ಸ್ವಲ್ಪ ಕಾಲವಾಗಿತ್ತು, ಅಂಥದ್ದೊಂದು ಕಾರು ಬಂತು. ಒಬ್ಬ ವಯಸ್ಸಾದ ಹೆಂಗಸು, ಅವರ ಮಗ. ಹೆಂಗಸು ಹೊರಗೆ ಕುರ್ಚಿಯಲ್ಲಿ ಕುಳಿತರು. ಮಗ ಫೋನಿನಲ್ಲಿ ಯಾರಿಗೋ ತಿಥಿಯ ಅಡುಗೆ ಹೇಳುತ್ತಿದ್ದ. ಹಿಂದಿನ ಸೀಟಿನ ಕೆಳಗಿನ ಮ್ಯಾಟಿನ ಮೇಲೆ ಬೂದಿ ಚೆಲ್ಲಿತ್ತು, ರಸ್ತೆಯ ಉಬ್ಬಿಗೆ ಮಡಕೆ ಅಲುಗಿರಬೇಕು. ನಾನು ಎಂದಿನ ಹಾಗೆ ವ್ಯಾಕ್ಯೂಮ್ ಆನ್ ಮಾಡಿ ಪೈಪು ಒಳಗೆ ಹಾಕಿದೆ. ಮಿಷನ್ನು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಅವನು ಗೋಡೆಯ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

‘ಇದನ್ನ ಮಿಷನ್ನಿಗೆ ಆಕ್ತೀಯೇನ್ಲಾ? ಇದೇನು ಕಡ್ಲೇಕಾಯಿ ಸಿಪ್ಪೇನಾ?’

ಅಕ್ಕಸಾಲಿಗಳ ಮನೆಯಲ್ಲಿ ಗುಡಿಸಿದ್ದನ್ನು ಎಸೆಯುವುದಿಲ್ಲ. ಅರದಲ್ಲಿ ಉಜ್ಜುವಾಗ ಉದುರಿದ ಚಿನ್ನದ ಪುಡಿ ಅದರಲ್ಲಿ ಇರುತ್ತದೆಂದು ಸಂಜೆ ಮೆತ್ತನೆಯ ಕುಂಚದಲ್ಲಿ ಗುಡಿಸಿ, ಡಬ್ಬಿಗೆ ತುಂಬಿಡುತ್ತಾರೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದವನು ಅವನು. ಡ್ಯಾಶ್‌ಬೋರ್ಡಿನ ಸಂದಿಗೆ ಬಳಸುವ ಬ್ರಷ್ ತೆಗೆದುಕೊಂಡು ಮೊಣಕಾಲೂರಿ ಕುಳಿತ. ಮ್ಯಾಟಿನಿಂದ, ಸೀಟಿನ ಕಂಬಿಯ ಸಂದಿಯಿಂದ ಆ ಬೂದಿಯನ್ನು ಒಂದು ಕಣವೂ ಉಳಿಯದ ಹಾಗೆ ಕಾಗದಕ್ಕೆ ಗುಡಿಸಿಕೊಂಡ. ಮಡಿಸಿ ಪೊಟ್ಟಣ ಕಟ್ಟಿ, ಎದ್ದು ನದಿಯ ಕಡೆ ನಡೆದ. ನಮ್ಮ ಪಟ್ಟಣ ನದಿಯ ನಡುವಿನ ದ್ವೀಪ, ಯಾವ ಕಡೆ ಹೋದರೂ ನೀರೇ. ಕುರ್ಚಿಯಲ್ಲಿದ್ದ ಹೆಂಗಸು ಎಲ್ಲವನ್ನೂ ನೋಡಿದ್ದರು. ಅವನು ಕೈ ತೊಳೆದುಕೊಂಡು ಹಿಂದಿರುಗಿದಾಗ ಎದ್ದು ನಿಂತು ಕೈಮುಗಿದರು. ‘ನಮ್ಮೆಜಮಾನ್ರು ಕಣಪ್ಪ’ ಎಂದರು. ಅಲ್ಲಿಯವರೆಗೆ ಅಳದೆ ಇದ್ದವರು ಆಮೇಲೆ ತುಂಬ ಅತ್ತರು. ಮಗ ಫೋನ್ ಇಟ್ಟು ಅಮ್ಮನ ಪಕ್ಕ ಬಂದು ನಿಂತ.

ಅವತ್ತಿನಿಂದ ಅಂಥ ಗಾಡಿಗಳು ಅವನ ಪಾಲಿಗೆ. ನಾನು ಹೋಗು ಎನ್ನಲಿಲ್ಲ, ಅವನೇ ಹೋಗುತ್ತಿದ್ದ. ಮನೆಯಿಂದ ಹಳೆಯ ಕುಂಚವೊಂದನ್ನು ತಂದಿಟ್ಟುಕೊಂಡ. ಡ್ರೈವರುಗಳ ಬಾಯಿಗೆ ಬಿದ್ದರೆ ಕೇಳಬೇಕೇ, ಬೂದಿಯನ್ನು ಮಿಷನ್ನಿಗೆ ಹಾಕದೆ ಹೊಳೆಗೆ ಬಿಟ್ಟು ಬರುವ ಅಂಗಡಿ ಎಂದು ಬೆಂಗಳೂರಿನವರೆಗೂ ಸುದ್ದಿ ಹೋಯಿತು. ಗಾಡಿಗಳು ಹೆಚ್ಚಾದವು. ಬಂದವರು ಅವನ ಕೈ ಹಿಡಿದುಕೊಂಡು ತಮ್ಮ ಸತ್ತವರ ಕತೆ ಹೇಳುತ್ತಿದ್ದರು. ಅವನು ಕೇಳುತ್ತಿದ್ದ. ನನಗೆ ಹೆಮ್ಮೆ. ಸಿಕ್ಕಸಿಕ್ಕವರ ಹತ್ತಿರ, ನಮ್ಮೂರಿನಲ್ಲೂ ಪಾಂಡವಪುರದ ಟೀ ಅಂಗಡಿಯಲ್ಲೂ, ‘ಎಂಥಾ ಮನುಷ್ಯ ನೋಡಿ’ ಎಂದು ಹೇಳಿಕೊಂಡು ತಿರುಗಿದೆ. ಹೊಗಳಿಕೆ ಯಾವ ಕಿವಿಯಲ್ಲಿ ಏನಾಗಿ ಇಳಿಯುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ.

ಲಗ್ನದ ತಿಂಗಳು ಬಂತು. ಕೆ.ಆರ್. ಪೇಟೆಯ ಕಡೆಯವರು ತಾಳಿಗೆ ಚಿನ್ನ ತರುತ್ತಾರೆ, ನಾಳೆ ಬರುವುದಿಲ್ಲ ಎಂದು ಹೇಳಿ ಹೋದವನು ಮರುದಿನ ಮಧ್ಯಾಹ್ನ ಅಂಗಡಿಗೆ ಬಂದ. ಕೂದಲು ಇನ್ನೂ ಒದ್ದೆಯಾಗಿತ್ತು, ಹಣೆಯಲ್ಲಿ ವಿಭೂತಿ ಇತ್ತು.

‘ಆಯ್ತೇನ್ಲಾ ಇಷ್ಟು ಬೇಗ?’

‘ಬರ್ನಿಲ್ಲ.’

‘ಬಸ್ಸು ಸಿಗ್ನಿಲ್ವೇನೋ.’

‘ಶೋರೂಮ್ನಾಗೆ ತಕ್ಕೊಂಡ್ರಂತೆ. ಫೋನ್ ಮಾಡಿದ್ರು’ ಎಂದು ಅಂಗಿ ಬದಲಾಯಿಸಿ ಪಾಲಿಶ್ ಮಿಷನ್ನು ಎತ್ತಿಕೊಂಡ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಬುತ್ತಿ ಮುಂದೆ ಇಟ್ಟರೆ ಬೇಡ ಎಂದ.

ಆಮೇಲೆ ನಾಗಮಂಗಲದವರು ಬರಲಿಲ್ಲ. ಅವರಾದರೂ ನೆಪ ಹೇಳಿದರು. ಪಾಂಡವಪುರದಲ್ಲಿಯೇ ಇದ್ದ, ಮೂರು ತಲೆಮಾರಿನಿಂದ ತಾಳಿಗೆ ಅವನ ಮನೆಗೇ ಬರುತ್ತಿದ್ದ ಕುಟುಂಬವೊಂದರ ಹಿರಿಯಮ್ಮ ನೆಪವನ್ನೂ ಹೇಳಲಿಲ್ಲ. ಸಂತೆಯಲ್ಲಿ ಸಿಕ್ಕಿದವನನ್ನು ನಿಲ್ಲಿಸಿ, ‘ಬೇಜಾರು ಮಾಡ್ಕಬ್ಯಾಡಿ ಆಚಾರ್ರೆ. ದಿನಾ ಬೂದಿ ಬಾಚೋ ಕೈಲಿ ತಾಳಿ ಮಾಡ್ಸಕ್ಕೆ ನಮ್ಗೆ ಮನಸು ಬತ್ತಾ ಇಲ್ಲ’ ಎಂದರಂತೆ. ಇದನ್ನು ಅವನು ನನಗೆ ಹೇಳಲಿಲ್ಲ. ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿ ಅತ್ತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ತಾತನಿಂದ ಬಂದ ಹೆಸರು ಒಂದು ಲಗ್ನದ ತಿಂಗಳಿನಲ್ಲಿ ಒಡೆದು ಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಆ ಮನೆಗೆ ಹೋಗಿ ಜಗಳ ಆಡಿ ಬರುತ್ತೇನೆ ಎಂದು ಹೊರಟವನನ್ನು ಅವನೇ ತಡೆದ. ‘ಆಯಮ್ಮ ಬೈಯ್ನಿಲ್ಲ ಕಣ್ಲಾ. ಭಯ ಬಿದ್ದವ್ರೆ. ಭಯ ಬಿದ್ದೋರತ್ರ ಏನಂತ ಜಗ್ಳ ಆಡೀಯೆ?’

ಇನ್ನು ಮೇಲೆ ಅಂಥ ಗಾಡಿಗಳನ್ನೇ ತೆಗೆದುಕೊಳ್ಳುವುದು ಬೇಡ ಎಂದೆ. ಬೋರ್ಡಿನ ಕೆಳಗೆ ಬರೆಸಿಬಿಡುತ್ತೇನೆ ಎಂದೆ.

‘ನೀನು ಬ್ಯಾಡ ಅಂದ್ರೆ ಬ್ಯಾರೆ ಕಡೆ ಓಯ್ತಾರೆ. ಅಲ್ಲಿ ಮಿಷನ್ ಆಕ್ತಾರೆ.’ ಬಕೆಟ್ಟಿಗೆ ನೀರು ಬಿಡುತ್ತ ಮತ್ತೆ ಹೇಳಿದ, ‘ಈಗ ಬುಟ್ರೂ ಅಷ್ಟೇಯ. ಊರಿಗೆಲ್ಲ ಗೊತ್ತಾಗೋಗದೆ.’

ಮರುವರ್ಷ ಲಗ್ನದ ದಿನಗಳಲ್ಲೂ ಅವನು ತಪ್ಪದೆ ಕೆಲಸಕ್ಕೆ ಬಂದ. ಊರೆಲ್ಲ ವಾಲಗ ಕೇಳುವ ಬೆಳಗಿನಲ್ಲಿ, ಹೂವಿನ ಹಾರ ಹಾಕಿದ ಕಾರುಗಳು ಹೆದ್ದಾರಿಯಲ್ಲಿ ಸಾಲಾಗಿ ಹೋಗುತ್ತಿರುವಾಗ, ಅವನು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತ ನಿಂತಿರುತ್ತಿದ್ದ. ರಜ ತಗೋ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ತಗೊಂಡು ಮಾಡುವುದಾದರೂ ಏನು? ‘ಓನರ್ರು’ ಎಂದು ರೇಗಿಸುವುದನ್ನೂ ಬಿಟ್ಟುಬಿಟ್ಟಿದ್ದ. ಅದನ್ನು ಕೇಳದೆ ನನಗೆ ಎಷ್ಟು ಸಂಕಟವಾಗುತ್ತಿತ್ತು ಎಂದರೆ, ಒಂದು ದಿನ ನಾನೇ ‘ಯಾಕ್ಲಾ ಓನರ್ರು ಅನ್ನಕ್ಕಿಲ್ಲ ಈಗ?’ ಎಂದು ಕೇಳಿದೆ. ಅವನು ನಗಲು ನೋಡಿದ.

ಅಷ್ಟರಲ್ಲಿ ನನ್ನ ಮಗನಿಗೆ ಹೆಣ್ಣು ಗೊತ್ತಾಯಿತು. ನಾಗಮಂಗಲದ ಕಡೆಯ ಹುಡುಗಿ, ಮದುವೆ ಬೆಳ್ಳೂರಿನ ಛತ್ರದಲ್ಲಿ ಎಂದು ಮಾತಾಯಿತು. ತಾಳಿ ಗಂಡಿನ ಕಡೆಯದು. ಯಾರು ಏನೇ ಅನ್ನಲಿ, ನನ್ನ ಸೊಸೆಯ ಕತ್ತಿಗೆ ಅವನು ಮಾಡಿದ ತಾಳಿಯೇ ಬೀಳಬೇಕು ಎಂದು ನಾನು ಅವತ್ತೇ ತೀರ್ಮಾನ ಮಾಡಿದ್ದೆ. ನಮ್ಮ ಮನೆಯವರು ಅವನ ಕೈಯಿಂದ ಮಾಡಿಸಿದರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ, ಮುಂದಿನ ಲಗ್ನಕ್ಕೆ ಮತ್ತೆ ಅವನ ಮನೆ ಮುಂದೆ ಚಪ್ಪಲಿ ಕಾಣುತ್ತವೆ ಎಂಬ ಆಸೆ ನನ್ನದು.

ಅಣ್ಣನಿಗೆ ಹೇಳಿದಾಗ ಊಟದ ತಟ್ಟೆಯಲ್ಲೇ ಕೈ ನಿಲ್ಲಿಸಿದ. ‘ಬೂದಿ ಮುಟ್ಟೋ ಕೈ ಕಣ್ಲಾ ಅದು. ಮದ್ವೆ ವಿಷ್ಯದಲ್ಲಿ ಇಂಗೆಲ್ಲಾ ಅಟ ಮಾಡ್ಬ್ಯಾಡ.’

‘ಛತ್ರಕ್ಕೆ ಕಟ್ಟಿರೋದೂ ಅದೇ ಬೂದಿ ಗಾಡಿ ದುಡ್ಡೇ ಕಣಣ್ಣ. ಅದಕ್ಕಿಲ್ವಾ ಸೂತ್ಕ?’ ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ನನ್ನ ಹೆಂಡತಿ ಅಣ್ಣನ ಮುಂದೆ ಎಂದೂ ಮಾತಾಡಿದವಳಲ್ಲ. ಅವತ್ತು ಬಾಗಿಲ ಹಿಂದಿನಿಂದ ಮುಂದೆ ಬಂದು, ಕತ್ತಿನ ತಾಳಿ ಕೈಯಲ್ಲಿ ಹಿಡಿದು, ‘ಇದೂ ಅವ್ರು ಮಾಡಿದ್ದೇ ಅಲ್ವಾ ಭಾವ? ನಂಗೇನಾಗದೆ, ಚೆನ್ನಾಗೇ ಇವ್ನಿ’ ಎಂದಳು. ಅಣ್ಣ ಎದ್ದು ಕೈ ತೊಳೆದುಕೊಂಡ. ‘ಏನಾರ ಮಾಡ್ಕೊಳಿ’ ಎಂದು ಹೊರಗೆ ಹೋದ. ನಾನು ಗೆದ್ದೆ ಎಂದುಕೊಂಡೆ.

ಒಳ್ಳೆಯ ದಿನ ನೋಡಿ ಗಂಡ ಹೆಂಡತಿ ಇಬ್ಬರೂ ತಟ್ಟೆ ಹಿಡಿದುಕೊಂಡು ಅವನ ಮನೆಗೆ ಹೋದೆವು. ಮೊದಲೇ ಹೇಳಿದರೆ ಬೇಡ ಎನ್ನುತ್ತಾನೆಂದು ಹೇಳಿರಲಿಲ್ಲ. ಅವನ ಹೆಂಡತಿ ನಮ್ಮ ಕೈಯಲ್ಲಿದ್ದ ತಟ್ಟೆ ನೋಡಿದವಳೇ ಒಳಗೆ ಓಡಿ ಹೊಸ ಚಾಪೆ ತಂದು ಹಾಸಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಮುಂದಿನ ಕೋಣೆಯಲ್ಲಿ ಅಗ್ಗಿಷ್ಟಿಕೆ ಗೋಡೆಗೆ ಒತ್ತಿಕೊಂಡು ಖಾಲಿ ಕುಳಿತಿತ್ತು. ಅವನು ಹಿತ್ತಲಿನಿಂದ ಬಂದ. ತಟ್ಟೆ ನೋಡಿದ. ನನ್ನನ್ನು ನೋಡಿದ.

ಚಾಪೆಯ ಮೇಲೆ ಕುಳಿತು ತೆಂಗಿನಕಾಯಿ, ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಚಿನ್ನ ಇದ್ದ ತಟ್ಟೆಯನ್ನು ನನ್ನ ಕಡೆಗೆ ಮೆಲ್ಲನೆ ತಳ್ಳಿದ.

‘ಎಲೆ ಅಡ್ಕೆ ಈಸ್ಕತೀನಿ. ಇದು ಬ್ಯಾಡ ಕಣ್ಲಾ.’

‘ಮನೇಲಿ ಎಲ್ಲಾ ಒಪ್ಪವ್ರೆ. ಯಾರೂ ಏನೂ ಅಂದಿಲ್ಲ’ ಎಂದೆ.

‘ಅಂದಿರ್ತಾರೆ. ಅನ್ನದೆ ಇದ್ರೂ ಅಷ್ಟೇಯ.’ ಅವನು ನನ್ನ ಹೆಂಡತಿಯ ಕಡೆ ತಿರುಗಿದ. ‘ನೋಡವ್ವ, ಮದ್ವೆ ಆದ್ಮೇಲೆ ಮಗನಿಗೆ ಒಂದು ಜ್ವರ ಬಂದ್ರೂ, ಸೊಸೆಗೆ ಒಂದು ಕಾಲು ಉಳುಕಿದ್ರೂ, ನಿಮ್ಮಟ್ಟೀಲಿ ಒಬ್ರಾದ್ರೂ ನನ್ ಕೈ ನೆನಸ್ಕತಾರೆ. ಬಾಯಲ್ಲಿ ಅನ್ನಕ್ಕಿಲ್ಲ. ನೆನಸ್ಕತಾರೆ.’

‘ನಾನು ನೆನಸ್ಕಳಕ್ಕಿಲ್ಲ ಕಣ್ಲಾ! ನನ್ನಾಣೆ!’

‘ನಾನೇ ನೆನಸ್ಕತೀನಿ’ ಎಂದ.

ಊರಿನ ಬಾಯಿಗೆ ಎದುರಾಗಿ ನಿಲ್ಲಬಲ್ಲೆ ಎಂದುಕೊಂಡು ಹೋದವನು ನಾನು. ಊರಿನ ಮಾತು ಅವನ ಒಳಗೇ ಹೋಗಿ ಕುಳಿತಿದೆ ಎಂದು ಗೊತ್ತಿರಲಿಲ್ಲ. ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ನಾವು ಕಾಫಿ ಕುಡಿದು ಎದ್ದೆವು. ಬರುವಾಗ ದಾರಿಯಲ್ಲಿ ನಾನು ಅತ್ತೆ. ನನ್ನ ಹೆಂಡತಿ ತಟ್ಟೆಯನ್ನು ಮಡಿಲಲ್ಲಿ ಹಿಡಿದುಕೊಂಡು ಕುಳಿತಿದ್ದಳು.

ತಾಳಿಯನ್ನು ಮೈಸೂರಿನಲ್ಲಿ ಕೊಂಡೆವು. ಗಾಜಿನ ಕೆಳಗೆ ಸಾಲಾಗಿ ಇಟ್ಟಿದ್ದವು, ಎಲ್ಲ ಒಂದೇ ಥರ. ಒಂದನ್ನು ತೋರಿಸಿದೆ, ಪುಟ್ಟ ಡಬ್ಬಿಗೆ ಹಾಕಿ ಕೊಟ್ಟರು.

ಮದುವೆಗೆ ಅವನು ಬಂದ, ಹೆಂಡತಿಯನ್ನೂ ಕರೆದುಕೊಂಡು. ಮಾಂಗಲ್ಯಧಾರಣೆಗೆ ಮುಂಚೆ ತಾಳಿಯನ್ನು ತೆಂಗಿನಕಾಯಿಯ ಮೇಲಿಟ್ಟು, ತಟ್ಟೆಯಲ್ಲಿ ಎಲ್ಲರ ಮುಂದೆ ಹಿಡಿದುಕೊಂಡು ಹೋಗುವುದು ನಮ್ಮಲ್ಲಿ ಪದ್ಧತಿ. ಬಂದವರೆಲ್ಲ ಅದನ್ನು ಮುಟ್ಟಿ ಹರಸಬೇಕು. ನಮ್ಮತ್ತಿಗೆ ತಟ್ಟೆ ಹಿಡಿದು ಮಂಟಪದಿಂದ ಇಳಿದರು. ನಾನು ಮಗನ ಪಕ್ಕ ನಿಂತು ನೋಡುತ್ತಿದ್ದೆ. ಸಾಲಿನಲ್ಲಿ ಒಬ್ಬೊಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ತಟ್ಟೆ ಅವನ ಮುಂದೆ ಬಂತು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಕೊಂಡಿಯ ಬೆಸುಗೆಯನ್ನು ನೋಡಿದ. ಬಲಗೈ ತಾನಾಗಿ ಮೇಲಕ್ಕೆ ಬಂತು, ಬೆರಳೆರಡು ತಾಳಿಯನ್ನು ಎತ್ತಲು ಹತ್ತಿರ ಹೋದವು. ಅಲ್ಲಿ ನಿಂತವು. ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ, ಪಂಚೆಗೆ ಒರೆಸಿಕೊಂಡ, ದೂರದಿಂದಲೇ ಕೈಮುಗಿದ.

‘ಮುಟ್ಟಿ ಆಚಾರ್ರೆ’ ಎಂದರು ಅತ್ತಿಗೆ. ಅವರ ಕತ್ತಿನಲ್ಲಿ ಅವನಪ್ಪ ಮಾಡಿದ ತಾಳಿ ಇತ್ತು.

‘ಆಯ್ತು ತಾಯಿ, ಮುಂದಕ್ಕೋಗಿ, ವತ್ತಾಯ್ತದೆ’ ಎಂದ.

ತಟ್ಟೆ ಮುಂದಿನವರ ಹತ್ತಿರ ಹೋಯಿತು. ಎಲ್ಲರೂ ಮುಟ್ಟಿದ ಮೇಲೆ ಮಂಟಪಕ್ಕೆ ಬಂತು. ಪುರೋಹಿತರು ಗಟ್ಟಿಮೇಳ ಎಂದರು, ವಾಲಗ ಜೋರಾಯಿತು, ಸುತ್ತಲಿನವರು ಅಕ್ಷತೆ ಎರಚಿದರು. ನಾನು ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದೆ. ಮಗ ತಾಳಿ ಕಟ್ಟಿದ್ದನ್ನು ನಾನು ನೋಡಲಿಲ್ಲ.